ಕಾಂತಕ್ಷೇತ್ರದಲ್ಲಿನ ಅರೆವಾಹಕ ಮತ್ತು ಏಕಮುಖ ಮೇಲ್ಮೈ ತರಂಗ

ಬೆಳಕು ಹೋದ ದಾರಿಯಲ್ಲಿಯೇ ಹಿಂದಿರುಗಬಲ್ಲದೆಂಬುದು ದೃಗ್ವಿಜ್ಞಾನದ ಮೂಲ ಗ್ರಹಿಕೆಗಳಲ್ಲೊಂದು. ಈ ಪರಸ್ಪರತೆಗೆ 1896ರಲ್ಲಿ ಲೊರೆಂಟ್ಸ್ ಗಣಿತೀಯ ರೂಪ ನೀಡಿದನು. ಹೊರಗಿನಿಂದ ಸ್ಥಿರ ಕಾಂತಕ್ಷೇತ್ರವನ್ನು ಒಡ್ಡಿದ ಮಾಧ್ಯಮಗಳಿಗೆ ಈ ನಿಯಮ ಅನ್ವಯಿಸುವುದಿಲ್ಲ. ಟೆರಾಹರ್ಟ್ಸ್ ಆವೃತ್ತಿಯಲ್ಲಿ ಅರೆವಾಹಕದ ಮೇಲ್ಮೈಗುಂಟ ಒಂದೇ ದಿಕ್ಕಿಗೆ ಸಾಗುವ ತರಂಗವು ಇದರ ಮುಖ್ಯ ನಿದರ್ಶನವಾಗಿದೆ.

ಅರೆವಾಹಕದ ಮುಕ್ತ ಇಲೆಕ್ಟ್ರಾನುಗಳ ಸಾಮೂಹಿಕ ಕಂಪನವೂ ವಿದ್ಯುತ್ಕಾಂತೀಯ ತರಂಗವೂ ಬೆರೆತು ಮೇಲ್ಮೈ ಪ್ಲಾಸ್ಮಾನ್ ಉಂಟಾಗುತ್ತದೆ. ಮೇಲ್ಮೈಯ ಒಂದು ಬಿಂದುವಿನಲ್ಲಿ ಗಮನಿಸಿದರೆ ಅದರ ವಿದ್ಯುತ್ ಕ್ಷೇತ್ರವು ಸುತ್ತುತ್ತಿರುತ್ತದೆ. ಒಂದು ದಿಕ್ಕಿಗೆ ಸಾಗುವ ತರಂಗದಲ್ಲಿ ಈ ಸುತ್ತು ಪ್ರದಕ್ಷಿಣವಾಗಿದ್ದರೆ, ಎದುರು ದಿಕ್ಕಿನದರಲ್ಲಿ ಅಪ್ರದಕ್ಷಿಣವಾಗಿರುತ್ತದೆ. ಮೇಲ್ಮೈಗೆ ಸಮಾಂತರವಾಗಿ, ತರಂಗದ ದಿಕ್ಕಿಗೆ ಲಂಬವಾಗಿ ಕಾಂತಕ್ಷೇತ್ರವನ್ನು ಒಡ್ಡಿದಾಗ ಇಲೆಕ್ಟ್ರಾನುಗಳು ಒಂದೇ ಬಗೆಯ ಸುತ್ತನ್ನು ಅನುಸರಿಸುತ್ತವೆ. ಪರಿಣಾಮವಾಗಿ ಎರಡು ದಿಕ್ಕುಗಳ ತರಂಗಗಳ ಮಿತಿ ಆವೃತ್ತಿಗಳು ಬೇರೆಯಾಗುತ್ತವೆ. ಆ ಮಿತಿಗಳ ನಡುವಣ ಪಟ್ಟಿಯಲ್ಲಿ ಒಂದು ದಿಕ್ಕಿನ ಮೇಲ್ಮೈ ತರಂಗ ಮಾತ್ರ ಉಳಿಯುತ್ತದೆ. ಕಾಂತಕ್ಷೇತ್ರವನ್ನು ತಿರುಗಿಸಿದರೆ ಆ ದಿಕ್ಕೂ ಬದಲಾಗುತ್ತದೆ. ಅರೆವಾಹಕಗಳಲ್ಲಿನ ಇಂತಹ ತರಂಗಗಳ ಸಿದ್ಧಾಂತವನ್ನು ಬ್ರಿಯಾನ್, ವಾಲಿಸ್ ಮೊದಲಾದವರು 1972ರಲ್ಲಿ ಪ್ರಕಟಿಸಿದರು.

ಸರಳ ಮಾದರಿಯಲ್ಲಿ ಈ ಪಟ್ಟಿಯ ಅಗಲ ಇಲೆಕ್ಟ್ರಾನುಗಳ ಸೈಕ್ಲೋಟ್ರಾನ್ ಆವೃತ್ತಿಯಷ್ಟಿರುತ್ತದೆ. 1 ಟೆಸ್ಲಾ ಕ್ಷೇತ್ರದಲ್ಲಿ ಮುಕ್ತ ಇಲೆಕ್ಟ್ರಾನಿಗೆ ಇದು ಸುಮಾರು 28 ಗಿಗಾಹರ್ಟ್ಸ್. ಇಂಡಿಯಂ ಆಂಟಿಮೊನೈಡಿನಲ್ಲಿ ಇಲೆಕ್ಟ್ರಾನಿನ ಪರಿಣಾಮಕಾರಿ ದ್ರವ್ಯರಾಶಿ ಅದರ ಸಹಜ ದ್ರವ್ಯರಾಶಿಯ ಸುಮಾರು 0.014ರಷ್ಟು ಮಾತ್ರ. ಆದಕಾರಣ ಅಷ್ಟೇ ಕ್ಷೇತ್ರದಲ್ಲಿ ಅದು ಸುಮಾರು 2 ಟೆರಾಹರ್ಟ್ಸ್ ಆಗುತ್ತದೆ, 0.25 ಟೆಸ್ಲಾದ ಕ್ಷೇತ್ರವೂ ಅರ್ಧ ಟೆರಾಹರ್ಟ್ಸಿಗೆ ಸಾಕು. ಈ ವಸ್ತುವಿಗೆ ದೊರೆತಿರುವ ಪ್ರಾಶಸ್ತ್ಯಕ್ಕೆ ಇದೇ ಕಾರಣ.

ಹಿಂದಿರುಗುವ ದಾರಿಯೇ ಇಲ್ಲದ ತರಂಗವು ಮೇಲ್ಮೈಯ ಕುಂದುಗಳಿಂದ ಪ್ರತಿಫಲಿಸಲಾರದು. ಈ ಗುಣವನ್ನು ಆಧರಿಸಿ, ಶಕ್ತಿಯನ್ನು ಹಿಡಿದಿಡುವ ಕಾಲ ಮತ್ತು ಪಟ್ಟಿಯ ಅಗಲಗಳ ಗುಣಲಬ್ಧಕ್ಕಿರುವ ಮಿತಿಯನ್ನು ಮೀರಬಹುದೆಂದು ಸಾಕ್‌ಮಕಿಡಿಸ್ ಮತ್ತು ಸಂಗಡಿಗರು 2017ರಲ್ಲಿ ಪ್ರತಿಪಾದಿಸಿದರು. 2019ರಲ್ಲಿ ಮಾನ್, ಸೌನಸ್, ಅಲೂ ಅವರು ಈ ನಿಲುವನ್ನು ಅಲ್ಲಗಳೆದರು. ಅದೇ ವರ್ಷ ಗಂಗರಾಜ್ ಮತ್ತು ಮೊಂಟಿಕೋನೆ ಇನ್ನೂ ಮೂಲಭೂತವಾದ ಪ್ರಶ್ನೆಯನ್ನೆತ್ತಿದರು. ಒಂದು ಬಿಂದುವಿನ ಪ್ರತಿಕ್ರಿಯೆ ಅಲ್ಲಿನ ಕ್ಷೇತ್ರವನ್ನಷ್ಟೇ ಅವಲಂಬಿಸಿದೆಯೆಂದು ಸರಳ ಮಾದರಿ ಭಾವಿಸುತ್ತದೆ. ಇಲೆಕ್ಟ್ರಾನುಗಳ ಒತ್ತಡವನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ, ಅತಿ ಕಿರಿದಾದ ತರಂಗದೂರದಲ್ಲಿ ಹಿಮ್ಮುಖ ತರಂಗವೂ ತಲೆದೋರುತ್ತದೆ. 2020ರಲ್ಲಿ ಬುದ್ಧಿರಾಜು ಮತ್ತಿತರರ ವಿಶ್ಲೇಷಣೆಯೂ ಲೋಹಸದೃಶ ವಸ್ತು ಮತ್ತು ಅವಾಹಕಗಳ ಸಂಧಿಯಲ್ಲಿ ಕಟ್ಟುನಿಟ್ಟಾದ ಏಕಮುಖತೆ ಇಲ್ಲವೆಂದು ತೋರಿಸಿತು.

ಆದರೆ ಆ ಹಿಮ್ಮುಖ ತರಂಗವು ವಸ್ತುವಿನ ಶಕ್ತಿನಷ್ಟದಿಂದ ಬೇಗನೆ ಕ್ಷಯಿಸುತ್ತದೆ. ಆದುದರಿಂದ ಏಕಮುಖತೆಯನ್ನು ಕಾಂತಕ್ಷೇತ್ರವೊಂದೇ ನೀಡುವ ವರವೆಂದು ತಿಳಿಯಲಾಗದು. ಮೇಲ್ಮೈಯ ರಚನೆ, ನಷ್ಟ, ಇಲೆಕ್ಟ್ರಾನುಗಳ ಸೂಕ್ಷ್ಮ ವರ್ತನೆ ಇವುಗಳನ್ನು ಕೂಡಿಯೇ ಅದರ ವ್ಯಾಪ್ತಿಯನ್ನು ನಿರ್ಣಯಿಸಬೇಕಾಗುತ್ತದೆ.