ಬೆಲ್ಲದ ಒಲೆಗೂ ಒಂದು ಜಮಾ-ಖರ್ಚು

ಕಬ್ಬಿನ ಸುಗ್ಗಿ ಬಂತೆಂದರೆ ಜಹೀರಾಬಾದ್, ನಾರಾಯಣಖೇಡ ಕಡೆಯ ರೈತ ಬಾಂಧವರು ಕೂಲಿಯ ಲೆಕ್ಕ ಬರೆದಿಡುತ್ತಾರೆ, ಗಾಡಿ ಬಾಡಿಗೆಯ ಲೆಕ್ಕ ಬರೆದಿಡುತ್ತಾರೆ. ಅಡತಿಯವನ ಲೆಕ್ಕವನ್ನಂತೂ ಎರಡು ಸಲ ನೋಡುತ್ತಾರೆ. ಆದರೆ ಸ್ವಂತ ಗಾಣ ಹೂಡಿ ಬೆಲ್ಲ ಮಾಡುವವರಲ್ಲಿ ಒಲೆಯ ಲೆಕ್ಕ ಇಡುವವರು ಬಲು ಕಡಿಮೆ. ಸಿಪ್ಪೆ ಸಾಲದೆ ಹೋದರೆ ಬದುವಿನ ಜಾಲಿಗೆ ಕೊಡಲಿ ಬೀಳುತ್ತದೆ, ಇಲ್ಲವೆ ಕಟ್ಟಿಗೆಗೆ ರೊಕ್ಕ ಹೋಗುತ್ತದೆ. ಬೆಲ್ಲದ ಲಾಭದಲ್ಲಿ ಒಂದು ಪಾಲು ಹೀಗೆ ಹೊಗೆಯಾಗುವುದನ್ನು ತಡೆಯಬಹುದೇ ಎಂಬುದನ್ನು ಈ ವಾರ ನೋಡೋಣ.

ಶಾಖವೆಂಬುದು ಶಕ್ತಿಯ ಒಂದು ರೂಪ. ಅದು ತಾನಾಗಿ ಹುಟ್ಟುವುದೂ ಇಲ್ಲ, ಇಲ್ಲವಾಗುವುದೂ ಇಲ್ಲ. ಒಲೆಗೆ ಬಂದ ಶಾಖವೆಲ್ಲ ಎಲ್ಲಿಗಾದರೂ ಹೋಗಿಯೇ ಇರಬೇಕು. ಆದುದರಿಂದ ಅದಕ್ಕೂ ಅಂಗಡಿಯ ವಹಿಯಂತೆ ಜಮಾ, ಖರ್ಚು ಬರೆಯಬಹುದು. ಒಂದು ಕಿಲೋ ನೀರನ್ನು ಒಂದು ಡಿಗ್ರಿ ಕಾಯಿಸಲು ಬೇಕಾಗುವ ಶಾಖಕ್ಕೆ ಒಂದು ಕಿಲೋಕ್ಯಾಲೊರಿ ಎನ್ನುತ್ತಾರೆ. ನಮ್ಮ ವಹಿಯಲ್ಲಿ ಅದೇ ರೂಪಾಯಿ.

ನೂರು ಕಿಲೋ ಕಬ್ಬು ಅರೆದರೆ 60 ಕಿಲೋ ಹಾಲು ಬಂತೆಂದು ಇಟ್ಟುಕೊಳ್ಳಿ. ಅದರಲ್ಲಿ ನೂರಕ್ಕೆ 18 ಪಾಲು ಸಿಹಿಯ ಅಂಶವಿದ್ದರೆ ಬೆಲ್ಲ ಸುಮಾರು 11 ಕಿಲೋ. ಉಳಿದ 49 ಕಿಲೋ ನೀರನ್ನು ಆವಿಯಾಗಿ ಕಳೆಯಬೇಕು. ಹಾಲನ್ನು ಕುದಿಯುವವರೆಗೆ ಕಾಯಿಸಲು ಸುಮಾರು 4,000 ಕಿಲೋಕ್ಯಾಲೊರಿ ಬೇಕು. ಕುದಿಯುವ ನೀರು ಆವಿಯಾಗಲು ಕಿಲೋ ಒಂದಕ್ಕೆ 540ರಂತೆ 26,500 ಬೇಕು. ಒಟ್ಟು ಖರ್ಚು 30,500. ಜಮಾ ಕಡೆಗೆ ಬಂದರೆ, ಉಳಿದ 40 ಕಿಲೋ ಹಸಿ ಸಿಪ್ಪೆ ಬಿಸಿಲಿಗೆ ಚೆನ್ನಾಗಿ ಒಣಗಿ 21 ಕಿಲೋ ಆದೀತು. ಕಿಲೋಗೆ 3,500ರಂತೆ ಹಿಡಿದರೂ 73,500 ಆಯಿತು!

ಅಂದರೆ ಸಿಪ್ಪೆಯ ಶಾಖದಲ್ಲಿ ನೂರಕ್ಕೆ 42 ಪಾಲು ಕೊಪ್ಪರಿಗೆಗೆ ಸೇರಿದರೆ ಕಟ್ಟಿಗೆಯ ಒಂದು ತುಂಡೂ ಬೇಡ. ಕಾಲು ಪಾಲು ಮಾತ್ರ ಸೇರುವ ಒಲೆಯಾದರೆ ಒಂದು ಟನ್ ಕಬ್ಬಿಗೆ ಸುಮಾರು 140 ಕಿಲೋ ಕಟ್ಟಿಗೆ ಹೊರಗಿನಿಂದ ತರಬೇಕಾಗುತ್ತದೆ. ಕಬ್ಬು ಅದೇ, ಬೆಲ್ಲ ಅದೇ, ವ್ಯತ್ಯಾಸ ಒಲೆಯದು.

ಇಂಥ ಲೆಕ್ಕ ನಾವು ಕಲ್ಪಿಸಿಕೊಂಡದ್ದಲ್ಲ. ತಾಂಡೂರಿನ ಸುಣ್ಣಕಲ್ಲಿನ ನೆಲದಲ್ಲಿ ಎದ್ದಿರುವ ಸಿಮೆಂಟ್ ಕಾರ್ಖಾನೆಗಳಂಥವುಗಳಲ್ಲಿ ಹಗಲಿರುಳು ಇದೇ ಕೆಲಸ. ಅಲ್ಲಿನ ಗೂಡಿನೊಳಗೆ ಕಲ್ಲಿನ ಪುಡಿ ಸುಮಾರು 1,450 ಡಿಗ್ರಿಯವರೆಗೆ ಕಾಯುತ್ತದೆ. ಹಿಂದೆ ಪುಡಿಯನ್ನು ನೀರಿನಲ್ಲಿ ಕಲಸಿ ಸುಡುತ್ತಿದ್ದಾಗ ಒಂದು ಕಿಲೋ ಸುಟ್ಟ ಗಟ್ಟಿಗೆ 1,300 ಕಿಲೋಕ್ಯಾಲೊರಿಯಷ್ಟು ಹಿಡಿಯುತ್ತಿತ್ತು. ಒಣ ಪುಡಿಯನ್ನು ಹೊರಬೀಳುವ ಬಿಸಿಗಾಳಿಗೆ ಎದುರಾಗಿ ಇಳಿಸಿ, ಗೂಡು ಸೇರುವ ಮೊದಲೇ ಕಾಯಿಸತೊಡಗಿದ ಮೇಲೆ ಅದು 750ರ ಆಸುಪಾಸಿಗೆ ಇಳಿಯಿತು. ಹೊಗೆಯಲ್ಲಿ ಆಮ್ಲಜನಕ ಎಷ್ಟಿದೆ ಎಂದು ಯಂತ್ರ ಅಳೆಯುತ್ತಲೇ ಇರುತ್ತದೆ. ಗಾಳಿ ಕಡಿಮೆಯಾದರೆ ಕಲ್ಲಿದ್ದಲು ಅರೆಬೆಂದು ಹೋಗುತ್ತದೆ. ಹೆಚ್ಚಾದರೆ ಬರಿ ಗಾಳಿಯನ್ನು ಕಾಯಿಸಿ ಆಕಾಶಕ್ಕೆ ಬಿಟ್ಟಂತೆ. 2001ರಲ್ಲಿ ಶಕ್ತಿ ಸಂರಕ್ಷಣೆಯ ಕಾಯಿದೆ ಬಂದಿತು. ಅದರ ಕೆಳಗೆ 2012ರಲ್ಲಿ ದೊಡ್ಡ ಕಾರ್ಖಾನೆಗಳಿಗೆ ಶಕ್ತಿಯ ಗುರಿ ಗೊತ್ತುಮಾಡಿದಾಗ, ಮೊದಲ ಸುತ್ತಿನ 8 ಬಗೆಯ ಉದ್ಯಮಗಳಲ್ಲಿ ಸಿಮೆಂಟೂ ಒಂದಾಗಿತ್ತು.

ನಮ್ಮ ಒಲೆಗೆ ಅಷ್ಟು ಯಂತ್ರ ಬೇಕಿಲ್ಲ. ಒಂದು ತಕ್ಕಡಿ, ಒಂದು ಥರ್ಮಾಮೀಟರ್, ಒಂದು ನೋಟುಬುಕ್ಕು ಸಾಕು. ಪ್ರತಿ ಕೊಪ್ಪರಿಗೆಗೆ ಎಷ್ಟು ಸಿಪ್ಪೆ, ಎಷ್ಟು ಕಟ್ಟಿಗೆ ಉರಿಯಿತು, ಎಷ್ಟು ಬೆಲ್ಲ ಇಳಿಯಿತು ಎಂದು ಬರೆಯಿರಿ. ಮೂರು ದಿನ ಬರೆದರೆ ನಿಮ್ಮ ಒಲೆಯ ನಡತೆ ತಿಳಿಯುತ್ತದೆ. ನಾಲ್ಕನೆಯ ದಿನ ಉರುವಲು ಹಠಾತ್ತಾಗಿ ಹೆಚ್ಚಿದರೆ ಗೋಡೆ ಬಿರುಕು ಬಿಟ್ಟಿದೆಯೋ, ಸಿಪ್ಪೆ ನೆನೆದಿದೆಯೋ ನೋಡತಕ್ಕದ್ದು. ಹಸಿ ಸಿಪ್ಪೆಯನ್ನೇ ತುರುಕುವುದು ದೊಡ್ಡ ತಪ್ಪು. ಮೇಲೆ ಹೇಳಿದ 40 ಕಿಲೋ ಹಸಿಯದರಲ್ಲಿ ಬಿಸಿಲು ಪುಕ್ಕಟೆಯಾಗಿ ಒಣಗಿಸುವ 19 ಕಿಲೋ ನೀರನ್ನು ಒಲೆಯೇ ಆವಿ ಮಾಡಬೇಕಾಗಿ, 11,000ಕ್ಕೂ ಹೆಚ್ಚು ಕಿಲೋಕ್ಯಾಲೊರಿ ಅಲ್ಲಿಯೇ ಮುಗಿಯುತ್ತದೆ, ಉರಿಯೂ ಮಂಕಾಗುತ್ತದೆ.

ಹೊಗೆ ಕಪ್ಪಾಗಿದ್ದರೆ ಗಾಳಿ ಸಾಲದೆಂದು ತಿಳಿಯಿರಿ. ಬೂದಿ ತೆಗೆದು ಗಾಳಿಕಿಂಡಿ ಬಿಡಿಸಿ, ಸಿಪ್ಪೆಯನ್ನು ಸ್ವಲ್ಪ ಸ್ವಲ್ಪವಾಗಿ, ಬಿಡದೆ ಹಾಕಬೇಕು. ಒಮ್ಮೆಗೇ ಹೊರೆ ತುಂಬಿ ಬೀಡಿ ಹಚ್ಚಲು ಹೋಗುವುದು ಸುಲಭ, ನಿಜ. ಹೊಗೆಗೂಡಿಗೆ ಹೋಗುವ ದಾರಿಯ ಮೇಲೆ ಎರಡನೆಯ ಕೊಪ್ಪರಿಗೆ ಕೂಡಿಸಿ ಮುಂದಿನ ಹಾಲನ್ನು ಅಲ್ಲಿಯೇ ಕಾಯಿಸಿದರೆ, ಆ 4,000 ಕಿಲೋಕ್ಯಾಲೊರಿ, ಅಂದರೆ ಹೆಚ್ಚುಕಡಿಮೆ ಎಂಟನೆಯ ಒಂದು ಪಾಲು, ಹೋಗುವ ಹೊಗೆಯಿಂದಲೇ ಸಿಗುತ್ತದೆ. ಸಿಮೆಂಟಿನವರ ಯುಕ್ತಿಯೇ ಇದು. ಪಾಕದ ಹದವನ್ನು ಅನುಭವಸ್ಥರು ನೀರಿಗೆ ಹನಿ ಬಿಟ್ಟು ನೋಡುತ್ತಾರೆ. ಅದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಥರ್ಮಾಮೀಟರ್ 116ರಿಂದ 118 ಡಿಗ್ರಿ ತೋರಿದಾಗ ಇಳಿಸಿದರೆ ಹೊಸಬನ ಕೈಯಲ್ಲೂ ಬೆಲ್ಲ ಸೀಯುವ ಭಯ ಕಡಿಮೆ.

ತಾಂಡೂರಿನ ತೊಗರಿ ಬೆಳೆಗಾರರಲ್ಲಿ ಸಣ್ಣ ಬೇಳೆ ಗಿರಣಿ ಇಟ್ಟವರಿಗೂ ಇದೇ ಮಾತು. ಕರೆಂಟಿನ ಒಂದು ಯೂನಿಟ್ ಎಂದರೆ 860 ಕಿಲೋಕ್ಯಾಲೊರಿ. ದಿನ ಸಂಜೆ ಮೀಟರ್ ನೋಡಿ, ಒಂದು ಕ್ವಿಂಟಾಲ್ ತೊಗರಿಗೆ ಎಷ್ಟು ಯೂನಿಟ್ ಬಿತ್ತೆಂದು ಗೋಡೆಯ ಮೇಲೆ ಬರೆದಿಡಿ. ತೊಗರಿ ಬದಲಾಗದೆ ಯೂನಿಟ್ ಏರಿದರೆ ಮೊದಲು ಬೆಲ್ಟು ಜಾರುತ್ತಿದೆಯೇ, ಬೇರಿಂಗು ಎಣ್ಣೆಯಿಲ್ಲದೆ ಕಾದಿದೆಯೇ ನೋಡಿ. ಮೋಟಾರು ಸುಟ್ಟ ಮೇಲೆ ನೋಡಿ ಫಲವಿಲ್ಲ.