ಕಾಣದ ಕೋಟೆಗೆ ಕಾವಲು

ಊರಿನಲ್ಲಿ ಕಳವಾದರೆ ಮರುದಿನ ಬೆಳಗ್ಗೆ ಎಲ್ಲರ ಬಾಯಲ್ಲೂ ಕಾವಲುಗಾರನ ಹೆಸರೇ. ಕಳವಾಗದೆ ಕಳೆದ ನೂರಾರು ರಾತ್ರಿಗಳ ಲೆಕ್ಕವನ್ನು ಮಾತ್ರ ಯಾರೂ ಇಡುವುದಿಲ್ಲ. ಕಾವಲಿನ ಕಸುಬೇ ಅಂಥದು. ಸಫಲವಾದಾಗ ಅದು ಕಣ್ಣಿಗೆ ಬೀಳದು. ವಿಫಲವಾದಾಗ ಮಾತ್ರ ಬೀಳುತ್ತದೆ. ಸರ್ಕಾರಿ ಕಚೇರಿಗಳ ಕಂಪ್ಯೂಟರುಗಳನ್ನು ಕಾಯುವ ನೌಕರರ ಪಾಡು ಇದಕ್ಕಿಂತಲೂ ಒಂದು ತೂಕ ಹೆಚ್ಚು. ಅವರು ಕಾಯುವ ಕೋಟೆಗೆ ಗೋಡೆಯಿಲ್ಲ, ಬರುವ ಕಳ್ಳನಿಗೆ ಮುಖವಿಲ್ಲ, ಕದ್ದೊಯ್ದ ಮೇಲೂ ಸೊತ್ತು ಇದ್ದಲ್ಲಿಯೇ ಇರುತ್ತದೆ! ಇಂಥ ಅಜ್ಞಾತ ದುಡಿಮೆಗಾರರ ಜಾಣ್ಮೆಯನ್ನು ಒರೆಗೆ ಹಚ್ಚಿ, ಗೆದ್ದವರನ್ನು ರಾಷ್ಟ್ರದ ಹೆಸರಿನಲ್ಲಿ ಗೌರವಿಸುವ ಸ್ಪರ್ಧೆಯೊಂದನ್ನು ಅಮೆರಿಕ ಸಂಯುಕ್ತ ಸಂಸ್ಥಾನವು 2019ರಲ್ಲಿ ಆರಂಭಿಸಿತು. ‘ಪ್ರೆಸಿಡೆಂಟ್ಸ್ ಕಪ್’, ಎಂದರೆ ಅಧ್ಯಕ್ಷರ ಕಪ್ ಎಂಬುದು ಅದರ ಹೆಸರು.

ಕುಸ್ತಿಗೂ ಕ್ರಿಕೆಟಿಗೂ ಕಪ್ ಕೊಡುವುದನ್ನು ಲೋಕ ಬಲ್ಲದು. ಕಚೇರಿಯ ಮೇಜಿನ ಮುಂದೆ ಕುಳಿತು ಕೆಲಸ ಮಾಡುವವರಿಗೆ ಕಪ್ ಏಕೆ? ಇದಕ್ಕೆ ಉತ್ತರ ಬೇಕಾದರೆ ಅದಕ್ಕೂ ನಾಲ್ಕು ವರ್ಷ ಹಿಂದೆ ಆ ದೇಶ ಅನುಭವಿಸಿದ ಒಂದು ದೊಡ್ಡ ನಷ್ಟದ ಕಥೆಯನ್ನು ತಿಳಿಯಬೇಕು.

ಕಳುವಾದ ಕಡತಗಳು

ಅಮೆರಿಕದ ಕೇಂದ್ರ ಸರ್ಕಾರದ ನೌಕರರ ನೇಮಕ, ನಿವೃತ್ತಿ ಮೊದಲಾದ ವ್ಯವಹಾರಗಳನ್ನು ನೋಡಿಕೊಳ್ಳುವ ಸಿಬ್ಬಂದಿ ಆಡಳಿತ ಕಚೇರಿಯೊಂದುಂಟು. ರಹಸ್ಯ ಕಾಗದಪತ್ರಗಳನ್ನು ಮುಟ್ಟಬೇಕಾದ ಹುದ್ದೆಗೆ ಬರುವವರು ನೂರಕ್ಕೂ ಹೆಚ್ಚು ಪುಟಗಳ ಒಂದು ಅರ್ಜಿಯನ್ನು ತುಂಬಿಕೊಡಬೇಕು. ವಾಸಿಸಿದ ಮನೆಗಳು, ನೆಂಟರಿಷ್ಟರು, ವಿದೇಶದ ಗೆಳೆಯರು, ಸಾಲ, ಮನೋವ್ಯಾಧಿಯ ಚಿಕಿತ್ಸೆ, ಎಲ್ಲವನ್ನೂ ಅದರಲ್ಲಿ ಬಿಚ್ಚಿ ಹೇಳಬೇಕು. ಮನುಷ್ಯನೊಬ್ಬ ತನ್ನ ಆಪ್ತರಿಗೂ ಹೇಳದ ಸಂಗತಿಗಳು ಆ ಕಡತದಲ್ಲಿ ಇರುತ್ತವೆ.

2015ರಲ್ಲಿ ಇಂಥ ಕಡತಗಳು ಕಳುವಾದುದು ಬೆಳಕಿಗೆ ಬಂತು. 2 ಕೋಟಿ 15 ಲಕ್ಷ ಜನರ ಹಿನ್ನೆಲೆಯ ವಿವರಗಳೂ ಸುಮಾರು 42 ಲಕ್ಷ ನೌಕರರ ಸೇವಾ ದಾಖಲೆಗಳೂ 56 ಲಕ್ಷ ಜನರ ಬೆರಳಚ್ಚುಗಳೂ ಹೊರಗೆ ಹೋಗಿದ್ದವು. ಪಾಸ್‌ವರ್ಡನ್ನು ಬದಲಿಸಬಹುದು; ಬೆರಳಿನ ಗೆರೆಯನ್ನು ಬದಲಿಸುವುದೆಂತು? ಅಮೆರಿಕದ ಅಧಿಕಾರಿಗಳು ಚೀನದತ್ತ ಬೆರಳು ಮಾಡಿದರು. ಚೀನ ಅದನ್ನು ಅಲ್ಲಗಳೆಯಿತು. ಕಚೇರಿಯ ಮುಖ್ಯಸ್ಥೆ ಅದೇ ಜುಲೈನಲ್ಲಿ ರಾಜೀನಾಮೆ ಕೊಟ್ಟರು.

ಈ ಕಳವು ಪತ್ತೆಯಾದ ಬಗೆ ಸ್ವಾರಸ್ಯವಾದುದು. 2014ರಲ್ಲೇ ಒಮ್ಮೆ ನುಸುಳುಕೋರರ ಸುಳಿವು ಸಿಕ್ಕಿ, ಅವರನ್ನು ಹೊರಹಾಕಿದೆವೆಂದು ಕಚೇರಿ ನೆಮ್ಮದಿಯಿಂದಿತ್ತು. ಆದರೆ ಗುತ್ತಿಗೆ ಸಂಸ್ಥೆಯೊಂದರ ನೌಕರರ ಪಾಸ್‌ವರ್ಡ್ ಬಳಸಿ ಇನ್ನೊಂದು ಬಾಗಿಲಿನಿಂದ ಬಂದವರು ಒಳಗೇ ಉಳಿದಿದ್ದರು. 2015ರ ಏಪ್ರಿಲಿನಲ್ಲಿ, ಕಚೇರಿಯಿಂದ ಹೊರಗೆ ಹೋಗುತ್ತಿದ್ದ ಮಾಹಿತಿಯನ್ನು ಪರಿಶೀಲಿಸುತ್ತಿದ್ದವರಿಗೆ ಒಂದು ಅಪರಿಚಿತ ವಿಳಾಸ ಕಂಡಿತು. ಹೆಸರನ್ನು ನೋಡಿದರೆ ಕಚೇರಿಯದೇ ಭದ್ರತಾ ವಿಭಾಗದ್ದೆಂಬ ಭ್ರಮೆ ಹುಟ್ಟಬೇಕು, ಹಾಗಿತ್ತು. ಆದರೆ ಅಂಥ ವಿಳಾಸ ಕಚೇರಿಗೆ ಇರಲಿಲ್ಲ. ಯಾರ ಹೆಸರಿನಲ್ಲಿ ಅದು ನೋಂದಣಿಯಾಗಿದೆಯೆಂದು ನೋಡಿದರೆ ‘ಸ್ಟೀವ್ ರೋಜರ್ಸ್’ ಎಂದಿತ್ತು. ಚಿತ್ರಕಥೆಗಳ ವೀರ ‘ಕ್ಯಾಪ್ಟನ್ ಅಮೆರಿಕ’ನ ನಿಜನಾಮ ಅದು! ಮಾಹಿತಿಯನ್ನು ಸಾಗಿಸುತ್ತಿದ್ದ ತಂತ್ರಾಂಶವು ಮೆಕಾಫಿ ಎಂಬ ಹೆಸರಾಂತ ವೈರಸ್ ನಿರೋಧಕದ ವೇಷ ಧರಿಸಿತ್ತು. ಆದರೆ ಆ ಕಚೇರಿಯಲ್ಲಿ ಮೆಕಾಫಿಯ ಬಳಕೆಯೇ ಇರಲಿಲ್ಲ.

ವೇಷವನ್ನು ಬಯಲು ಮಾಡಿದ್ದು ಯಂತ್ರವೊಂದೇ ಅಲ್ಲ. ತನ್ನ ಮನೆಯಲ್ಲಿ ಏನಿದೆ, ಏನಿಲ್ಲ ಎಂಬುದನ್ನು ಬಲ್ಲ ಮನುಷ್ಯನ ಕಣ್ಣು. ಅಂಥ ಕಣ್ಣುಗಳು ಸರ್ಕಾರದ ಸೇವೆಯಲ್ಲಿ ಎಷ್ಟಿವೆ, ಎಲ್ಲಿವೆ? ಅವನ್ನು ಉಳಿಸಿಕೊಳ್ಳುವುದು ಹೇಗೆ? ಸ್ಪರ್ಧೆಯ ಬೇರು ಇರುವುದು ಈ ಪ್ರಶ್ನೆಗಳಲ್ಲಿ.

ಆಜ್ಞೆಯಿಂದ ಹುಟ್ಟಿದ ಪಂದ್ಯ

2019ರ ಮೇ 2ರಂದು ಅಂದಿನ ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಅವರು 13870ನೆಯ ಕಾರ್ಯಾಂಗ ಆಜ್ಞೆಗೆ ಸಹಿ ಮಾಡಿದರು. ದೇಶದ ಸೈಬರ್ ಭದ್ರತಾ ಉದ್ಯೋಗಿಗಳನ್ನು ಬೆಳೆಸಿ ಉಳಿಸಿಕೊಳ್ಳುವುದು ಆ ಆಜ್ಞೆಯ ಉದ್ದೇಶ. ಸರ್ಕಾರದ ನೌಕರರಿಗೂ ಸೈನಿಕರಿಗೂ ಒಂದು ಸ್ಪರ್ಧೆ ಏರ್ಪಡಬೇಕು, ಮೊದಲನೆಯದು ಆ ವರ್ಷದೊಳಗೇ ನಡೆಯಬೇಕು, ಅನಂತರ ಪ್ರತಿವರ್ಷವೂ ಮುಂದುವರಿಯಬೇಕು ಎಂದು ಅದು ವಿಧಿಸಿತು. ಹೊಣೆ ಬಿದ್ದುದು 2018ರಲ್ಲಷ್ಟೇ ಹುಟ್ಟಿದ್ದ ಸೈಬರ್ ಭದ್ರತಾ ಸಂಸ್ಥೆಯ ಮೇಲೆ. ಅದರ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿ ‘ಸಿಸಾ’ ಎಂದು ಕರೆಯುತ್ತಾರೆ. ಮೊದಲ ವರ್ಷವೇ ಸಾವಿರಕ್ಕೂ ಹೆಚ್ಚು ಮಂದಿ ಒಂಟಿಯಾಗಿಯೂ ಇನ್ನೂರಕ್ಕೂ ಹೆಚ್ಚು ತಂಡಗಳಾಗಿಯೂ ಮುಂದೆ ಬಂದರು.

ಅದೇ ಆಜ್ಞೆಯಲ್ಲಿ ಇನ್ನೊಂದು ಮಾತೂ ಇದೆ. ಈ ವಿದ್ಯೆಯನ್ನು ಮಕ್ಕಳಿಗೆ ಚೆನ್ನಾಗಿ ಕಲಿಸುವ ಪ್ರಾಥಮಿಕ ಶಾಲೆಯ ಒಬ್ಬ ಉಪಾಧ್ಯಾಯರಿಗೂ ಪ್ರೌಢಶಾಲೆಯ ಒಬ್ಬ ಉಪಾಧ್ಯಾಯರಿಗೂ ವರ್ಷಕ್ಕೊಮ್ಮೆ ಪ್ರಶಸ್ತಿ ಸಲ್ಲಬೇಕು ಎಂಬುದು ಅದು. ಕಾವಲುಗಾರನನ್ನು ಗೌರವಿಸುವಾಗ ಅವನಿಗೆ ಪಾಠ ಹೇಳಿದ ಮೇಷ್ಟರನ್ನು ಮರೆಯಲಿಲ್ಲವೆಂಬುದು ಮೆಚ್ಚತಕ್ಕದ್ದು.

ಧ್ವಜ ಹುಡುಕುವ ಆಟ

ಸ್ಪರ್ಧೆಯಲ್ಲಿ ಕೇಳುವುದಾದರೂ ಏನನ್ನು? ಇಂಥ ಪಂದ್ಯಗಳಿಗೆಲ್ಲ ತಳಹದಿ ‘ಧ್ವಜ ವಶಪಡಿಸಿಕೊಳ್ಳುವ’ ಆಟ. ಕಂಪ್ಯೂಟರ್ ಕುಶಲಿಗಳ ನಡುವೆ ಇದು 1990ರ ದಶಕದಿಂದಲೂ ರೂಢಿಯಲ್ಲಿದೆ. ಇಲ್ಲಿ ಧ್ವಜವೆಂದರೆ ಬಟ್ಟೆಯಲ್ಲ. ಅಕ್ಷರ ಅಂಕಿಗಳ ಒಂದು ಸಾಲು. ಪ್ರಶ್ನೆಯನ್ನು ಬಿಡಿಸಿದವನಿಗೆ ಮಾತ್ರ ಅದು ದೊರೆಯುತ್ತದೆ. ಒಪ್ಪಿಸಿದರೆ ಅಂಕ ಬರುತ್ತದೆ.

ಪ್ರಶ್ನೆಗಳ ಬಗೆ ಹಲವು. ಕಳವಾದ ಕಂಪ್ಯೂಟರಿನ ಸ್ಮೃತಿಯ ಪೂರ್ಣ ಪ್ರತಿಯನ್ನು ಕೈಗಿತ್ತು, ಕಳ್ಳನು ಯಾವ ದಿನ, ಯಾವ ದಾರಿಯಿಂದ ಬಂದು, ಏನನ್ನು ಮುಟ್ಟಿದನೆಂದು ಕೇಳುವುದು ಒಂದು. ಜಾಲದಲ್ಲಿ ಹರಿದ ಲಕ್ಷಾಂತರ ಸಂದೇಶಗಳ ನಡುವೆ ಕುತಂತ್ರದ ಒಂದನ್ನು ಹೆಕ್ಕಿ ತೆಗೆಯುವುದು ಇನ್ನೊಂದು. ಮೂಲ ಬರಹವಿಲ್ಲದ ತಂತ್ರಾಂಶವನ್ನು ಬಿಚ್ಚಿ, ಅದರ ಒಳಮರ್ಮವನ್ನು ಅರಿಯುವುದು ಮತ್ತೊಂದು. ಯಂತ್ರಸ್ಥಾವರಗಳನ್ನು ನಡೆಸುವ ಕಂಪ್ಯೂಟರುಗಳ ರಕ್ಷಣೆಯೂ ಪರೀಕ್ಷೆಯ ವಿಷಯವೇ. ಒಂಟಿ ಸ್ಪರ್ಧಿಗಳಿಗೆ ಮುಂದೆ ಎರಡು ಕವಲುಗಳಾದವು: ನಡೆದ ಕಳವನ್ನು ಶೋಧಿಸಿ ರಕ್ಷಿಸುವುದು ಒಂದು, ಕಳ್ಳನ ಕಣ್ಣಿನಿಂದ ನೋಡಿ ಕೋಟೆಯ ಬಿರುಕುಗಳನ್ನು ಹುಡುಕುವುದು ಇನ್ನೊಂದು. ತಂಡದಲ್ಲಿ ಐವರವರೆಗೆ ಇರಬಹುದು.

ಈ ಪ್ರಶ್ನೆಗಳನ್ನು ಹೆಣೆದವರು ಪಿಟ್ಸ್‌ಬರ್ಗಿನ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸಾಫ್ಟ್‌ವೇರ್ ಎಂಜಿನಿಯರಿಂಗ್ ಸಂಸ್ಥೆಯ ತಜ್ಞರು. ಅವು ಬರಿಯ ಚಮತ್ಕಾರದ ಒಗಟುಗಳಾಗಬಾರದೆಂದು, 2017ರಲ್ಲಿ ಅಮೆರಿಕ ಸರ್ಕಾರ ಪ್ರಕಟಿಸಿದ ಸೈಬರ್ ಉದ್ಯೋಗಗಳ ವರ್ಗೀಕರಣವನ್ನು ಆಧಾರವಾಗಿ ಇಟ್ಟುಕೊಂಡರು. ಆ ಪಟ್ಟಿಯಲ್ಲಿ 52 ಬಗೆಯ ಕೆಲಸಗಳಿದ್ದವು. ಹೀಗಾಗಿ ಪ್ರಶ್ನೆಗೂ ನೌಕರನ ದಿನನಿತ್ಯದ ಕೆಲಸಕ್ಕೂ ನಂಟು ಉಳಿಯಿತು. ಆರಂಭದ ಸುತ್ತುಗಳಲ್ಲಿ ಸ್ಪರ್ಧಿಗಳು ಇದ್ದ ಊರಿನಿಂದಲೇ ಆಡುತ್ತಾರೆ. ಅಂತಿಮ ಸುತ್ತು ವಾಷಿಂಗ್ಟನ್ನಿನ ಪಕ್ಕದ ಆರ್ಲಿಂಗ್ಟನ್ನಿನಲ್ಲಿ ನಡೆದದ್ದುಂಟು. ತಂಡಗಳ ಅಂತಿಮ ಪಂದ್ಯಕ್ಕಾಗಿ ಆಕಾಶನೌಕೆಯೊಂದರ ಕಥೆಯನ್ನೇ ಆಟವಾಗಿ ರೂಪಿಸಿದ್ದೂ ಉಂಟು. ಮುಗಿದ ಪ್ರಶ್ನೆಗಳನ್ನು ಅಭ್ಯಾಸಕ್ಕೆಂದು ಸಾರ್ವಜನಿಕರಿಗೂ ಬಿಟ್ಟುಕೊಟ್ಟರು.

ಗರಡಿಯ ಲಾಭ

ಗರಡಿಯಲ್ಲಿ ಮಣ್ಣು ಮುಕ್ಕದ ಪೈಲ್ವಾನ ಅಖಾಡದಲ್ಲಿ ನಿಲ್ಲಲಾರ. ಕಚೇರಿಯ ಕಂಪ್ಯೂಟರುಗಳ ಮೇಲೆ ಪ್ರಯೋಗ ಮಾಡಿ ಕಲಿಯುವಂತಿಲ್ಲ; ಅಲ್ಲಿ ಒಂದು ತಪ್ಪಾದರೆ ಸಾವಿರಾರು ಜನರ ಪಿಂಚಣಿ ನಿಂತೀತು. ಸ್ಪರ್ಧೆಯೆಂಬ ಗರಡಿಯಲ್ಲಿ ಸೋತರೆ ಅಂಕ ಹೋಗುತ್ತದೆ, ಅಷ್ಟೆ. ಎರಡನೆಯ ಲಾಭವೂ ಒಂದುಂಟು. ಪದವಿಪತ್ರಗಳೂ ಸೇವಾ ಹಿರಿತನವೂ ಹೇಳದ ಸಂಗತಿಯನ್ನು ಅಂಕಪಟ್ಟಿ ಹೇಳುತ್ತದೆ. ಯಾವ ಇಲಾಖೆಯ ಯಾವ ಮೂಲೆಯಲ್ಲಿ ಎಂಥ ಬುದ್ಧಿವಂತ ಕುಳಿತಿದ್ದಾನೆಂಬುದು ಮೇಲಧಿಕಾರಿಗೆ ಆಗ ತಿಳಿಯುತ್ತದೆ.

ಮೂರನೆಯದು ಮಾನದ ಮಾತು. ಈ ವಿದ್ಯೆ ಬಲ್ಲವರಿಗೆ ಖಾಸಗಿ ಕಂಪನಿಗಳು ಕೊಡುವ ಸಂಬಳವನ್ನು ಸರ್ಕಾರ ಕೊಡಲಾರದು. ಸಂಬಳದಲ್ಲಿ ಸೋಲುವ ಯಜಮಾನನಿಗೆ ಗೌರವದಲ್ಲಾದರೂ ಗೆಲ್ಲುವ ದಾರಿ ಬೇಕು. ವಿಜೇತರನ್ನು ಶ್ವೇತಭವನಕ್ಕೆ ಕರೆಸಿ ಸನ್ಮಾನಿಸಿದ್ದು ಇದೇ ಕಾರಣಕ್ಕಾಗಿ.

ಕಪ್ ತುಂಬಲಾರದ ಕೊರತೆ

ಇಷ್ಟಾದರೂ ಕಪ್ಪಿಗೊಂದು ಮಿತಿಯಿದೆ. ಸಿಬ್ಬಂದಿ ಕಚೇರಿಯ ಕಳವನ್ನು ಕುರಿತು ಅಮೆರಿಕ ಸಂಸತ್ತಿನ ಕೆಳಮನೆಯ ಸಮಿತಿ 2016ರ ಸೆಪ್ಟೆಂಬರಿನಲ್ಲಿ ವರದಿ ಕೊಟ್ಟಿತು. ಆ ಅನಾಹುತವನ್ನು ತಡೆಯಬಹುದಾಗಿತ್ತು ಎಂಬುದೇ ಅದರ ಸಾರ. ಪಾಸ್‌ವರ್ಡಿನ ಜೊತೆಗೆ ಇನ್ನೊಂದು ಗುರುತನ್ನೂ ಕೇಳುವ ಎರಡು ಹಂತದ ಪರಿಶೀಲನೆ ಹೊಸ ಸಂಗತಿಯೇನೂ ಆಗಿರಲಿಲ್ಲ. ಅದನ್ನು ಕಾಲಕ್ಕೆ ಸರಿಯಾಗಿ ಎಲ್ಲೆಡೆ ಜಾರಿಗೆ ತಂದಿದ್ದರೆ ಕದ್ದ ಪಾಸ್‌ವರ್ಡ್ ಅಷ್ಟು ಸುಲಭವಾಗಿ ಬಾಗಿಲು ತೆರೆಯುತ್ತಿರಲಿಲ್ಲ. ಅಲ್ಲಿ ಕೊರತೆಯಾದುದು ಜಾಣ್ಮೆಯೊಂದೇ ಅಲ್ಲ, ಆಡಳಿತದ ಎಚ್ಚರ. ಬೀಗ ಕೊಳ್ಳುವ ಕಾಗದಕ್ಕೆ ಮೇಲಧಿಕಾರಿ ಸಹಿ ಹಾಕದಿದ್ದರೆ ಕಪ್ ಗೆದ್ದ ಕಾವಲುಗಾರ ತಾನೆ ಏನು ಮಾಡಿಯಾನು?

ಇನ್ನೂ ಒಂದು ಮಾತು. ಸ್ಪರ್ಧೆ ಜಾಣರನ್ನು ಬೆಳಕಿಗೆ ತರಬಲ್ಲದು. ಅವರನ್ನು ಹುದ್ದೆಯಲ್ಲಿ ಕಟ್ಟಿಹಾಕಲಾರದು. 2025ರಲ್ಲಿ ಅಮೆರಿಕ ಸರ್ಕಾರ ಸಿಬ್ಬಂದಿಯನ್ನು ಕಡಿತ ಮಾಡಲು ಹೊರಟಾಗ, ಈ ಪಂದ್ಯವನ್ನು ನಡೆಸಿಕೊಂಡು ಬಂದ ಸಿಸಾದಿಂದಲೇ ನೂರಾರು ಮಂದಿ ಹೊರನಡೆದರು. ಒಂದು ಕೈಯಿಂದ ಹಾರ ಹಾಕಿ ಇನ್ನೊಂದು ಕೈಯಿಂದ ಬಾಗಿಲು ತೋರಿಸಿದರೆ ಹಾರಕ್ಕೆ ಬೆಲೆಯೆಲ್ಲಿ ಉಳಿದೀತು?

ಆದುದರಿಂದ ಈ ಕಪ್ಪನ್ನು ಭದ್ರತೆಯ ಭರವಸೆಯೆಂದು ತಿಳಿಯಬೇಕಾಗಿಲ್ಲ. ಆಟಿಕೆಯೆಂದು ಕಡೆಗಣಿಸಲೂ ಬೇಕಾಗಿಲ್ಲ. ಕಾಣದ ಕೆಲಸವೊಂದನ್ನು ಕಾಣುವಂತೆ ಮಾಡಿದ್ದು ಅದರ ನಿಜವಾದ ಸಾಧನೆ. 2015ರ ಏಪ್ರಿಲಿನಲ್ಲಿ ಆ ಸುಳ್ಳು ವಿಳಾಸವನ್ನು ಗುರುತಿಸಿದವರ ಮುಂದೆ ಅಂಕಪಟ್ಟಿ ಇರಲಿಲ್ಲ, ಚಪ್ಪಾಳೆಯಿರಲಿಲ್ಲ, ಪ್ರಶ್ನೆಯಿದೆಯೆಂಬ ಸೂಚನೆಯೂ ಇರಲಿಲ್ಲ. ದಿನದ ಕೆಲಸದ ನಡುವೆ ‘ಇದು ನಮ್ಮದಲ್ಲ’ ಎಂದು ಅವರಿಗೆ ಹೊಳೆಯಿತು. ಹಾಗೆ ಹೊಳೆಯುವ ಮನಸ್ಸನ್ನು ಸ್ಪರ್ಧೆ ಹದಗೊಳಿಸಬಹುದು. ಹೊಳೆದದ್ದನ್ನು ಹೇಳಿದಾಗ ಕೇಳುವ ಕಿವಿ ಮಾತ್ರ ಆಳುವವರಿಗೆ ಇರಬೇಕು.