ಮಮತೆ ಹುಟ್ಟುಗುಣ, ಭೇದ ಕಲಿತ ಪಾಠ



ಅಳುವ ಕೂಸನ್ನು ಕಂಡೊಡನೆ ಎತ್ತಿಕೊಳ್ಳಬೇಕೆನಿಸುತ್ತದೆ, ಅಲ್ಲವೇ? ಇದನ್ನು ನಿಮಗೆ ಯಾರೂ ಕಲಿಸಿಲ್ಲ. ದುಂಡು ಮುಖ, ದೊಡ್ಡ ಕಣ್ಣುಗಳ ಮರಿಯನ್ನು ಕಂಡಾಗ ಕಾಪಾಡುವ ಮನಸ್ಸಾಗುವುದು ಹುಟ್ಟಿನಿಂದ ಬಂದ ಪ್ರವೃತ್ತಿ ಎಂದು ಪ್ರಾಣಿವರ್ತನೆಯ ವಿಜ್ಞಾನಿ ಕಾನ್ರಾಡ್ ಲೊರೆನ್ಸ್ 1943ರಲ್ಲಿ ವಿವರಿಸಿದರು. ಕೂಸು ಗಂಡೋ ಹೆಣ್ಣೋ ಎಂದು ಆ ಪ್ರವೃತ್ತಿ ಕೇಳುವುದಿಲ್ಲ.

ಹಾಗಾದರೆ ಕೇಳುವವರು ಯಾರು?

2022ರ ಜೂನ್ ತಿಂಗಳಲ್ಲಿ ಬೆಳಗಾವಿ ಜಿಲ್ಲೆಯ ಮೂಡಲಗಿ ಪಟ್ಟಣದ ಹಳ್ಳದಲ್ಲಿ, ಡಬ್ಬಿಗಳಲ್ಲಿ ತುಂಬಿ ಎಸೆದಿದ್ದ ಏಳು ಭ್ರೂಣಗಳು ದೊರೆತವು. ಲಿಂಗ ಪತ್ತೆ ಮಾಡಿ ನಡೆಸಿದ ಗರ್ಭಪಾತವಿರಬಹುದೆಂದು ಆರೋಗ್ಯಾಧಿಕಾರಿಗಳು ಶಂಕಿಸಿದರು. ಭ್ರೂಣಲಿಂಗ ಪತ್ತೆಯನ್ನು ನಿಷೇಧಿಸುವ 1994ರ ಕಾಯ್ದೆ ಜಾರಿಗೆ ಬಂದು ಆಗ 26 ವರ್ಷಗಳಾಗಿದ್ದವು. 2011ರ ಜನಗಣತಿಯಂತೆ ದೇಶದಲ್ಲಿ ಆರು ವರ್ಷದೊಳಗಿನ ಸಾವಿರ ಗಂಡುಮಕ್ಕಳಿಗೆ ಇದ್ದ ಹೆಣ್ಣುಮಕ್ಕಳು 918 ಮಾತ್ರ.

ಇದು ಯಾರೋ ಕಟುಕರ ಕೆಲಸವೆಂದು ಕೈತೊಳೆದುಕೊಳ್ಳುವುದು ಸುಲಭ. ಆದರೆ ಹುಟ್ಟಿನಿಂದ ಬಂದ ಇನ್ನೊಂದು ಪ್ರವೃತ್ತಿಯೂ ನಮ್ಮೆಲ್ಲರಲ್ಲಿದೆ: 'ನಮ್ಮವರು' ಮೊದಲು ಎಂಬುದು. ನಮ್ಮವರು ಯಾರು ಎಂಬುದನ್ನು ಮಾತ್ರ ರೂಢಿ ನಿರ್ಧರಿಸುತ್ತದೆ. ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳು ಕಬ್ಬು ಬೆಳೆಯುವ ಸೀಮೆ. ಇಂಥ ಒಕ್ಕಲುತನದ ನಾಡಿನಲ್ಲಿ ಹೊಲ ಮಗನಿಗೆ, ಮಗಳು ಪರರ ಮನೆಗೆ ಎಂಬ ಎಣಿಕೆ ಬಹುಕಾಲದ್ದು. ವರದಕ್ಷಿಣೆ ಅದಕ್ಕೆ ಭಯವನ್ನೂ ಸೇರಿಸಿತು. 'ಕೊಟ್ಟ ಹೆಣ್ಣು ಕುಲಕ್ಕೆ ಹೊರಗೆ' ಎಂಬ ಗಾದೆ ಕೇಳಿದ್ದೀರಲ್ಲವೇ? ಹೆತ್ತ ಮಗಳನ್ನೇ ಅದು 'ನಮ್ಮವರು' ಎಂಬ ಬೇಲಿಯಿಂದಾಚೆ ನಿಲ್ಲಿಸುತ್ತದೆ.

ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಸಮಪಾಲು ಕೊಡುವ ತಿದ್ದುಪಡಿಯನ್ನು ಕರ್ನಾಟಕ 1994ರಲ್ಲಿಯೇ ತಂದಿತು. 2005ರಲ್ಲಿ ಇಡೀ ದೇಶಕ್ಕೆ ಅಂಥ ಕಾನೂನು ಬಂದಿತು. ಕಾನೂನು ಬೇಲಿ ಕಿತ್ತರೂ ಮನಸ್ಸಿನಲ್ಲಿ ಗೂಟಗಳು ಉಳಿದಿವೆ. 'ಆರತಿಗೊಬ್ಬಳು ಮಗಳು, ಕೀರ್ತಿಗೊಬ್ಬ ಮಗ' ಎಂಬ ಮಾತನ್ನೇ ನೋಡಿ. ಇಬ್ಬರೂ ಬೇಕೆನ್ನುವ ಒಳ್ಳೆಯ ಮಾತದು. ಆದರೂ ತಟ್ಟೆ ಹಿಡಿಯುವ ಕೆಲಸ ಮಗಳಿಗೆ, ಹೆಸರು ಮಗನಿಗೆ! ಹೇಳುವವರಿಗೆ ಭೇದ ಮಾಡಿದ ಅರಿವೇ ಇರುವುದಿಲ್ಲ. ಗುಪ್ತ ಪೂರ್ವಗ್ರಹವೆಂದರೆ ಇದೇ.

ನಿಮ್ಮ ಮನೆಯಲ್ಲಿ ಬಿಸಿ ರೊಟ್ಟಿ ಮೊದಲು ಯಾರ ತಾಟಿಗೆ ಬೀಳುತ್ತದೆ? ಉಂಡ ತಾಟು ತೊಳೆಯುವವರು ಯಾರು? ದೂರದ ಕಾಲೇಜಿಗೆ ಕಳಿಸುವ ಮಾತು ಬಂದಾಗ ಹಣವಿಲ್ಲವೆಂಬುದು ಯಾರ ಸರದಿಯಲ್ಲಿ ನೆನಪಾಗುತ್ತದೆ? ಒಂದು ವಾರ ಗಮನಿಸಿ ಬರೆದಿಡಿ; ಆಮೇಲೆ ಅದನ್ನು ಮನೆಯವರೊಡನೆ ಕೂತು ಓದಿ. ಕಲಿತದ್ದನ್ನು ಬಿಡಬಹುದು, ಆದರೆ ಮೊದಲು ಅದು ಕಣ್ಣಿಗೆ ಬೀಳಬೇಕು.